ಪೋಸ್ಟ್ ಕಾರ್ಡಿನಲ್ಲಿ ಕೊಟ್ಟ ಕಾಲಾಳು

ನಾನೂ ನನ್ನ ಫ್ಯಾಕ್ಟರಿ ಗೆಳೆಯನೂ ಎದುರುಬದುರು ಕೂತು ಚೆಸ್ ಆಡಿದಾಗೆಲ್ಲ ಏನಾದ್ರೊಂದು ರಾದ್ಧಾಂತ ಆಗೇ ಆಗುತ್ತೆ. ‘ಇಟ್ಟ ಕಾಯಿ ಎತ್ತಬೇಡ’ ಅಂತ ಶುರುವಾಗಿದ್ದು, ಫ್ಯಾಕ್ಟರೀಲಿ ಯಾರಿಗೆ ಮೊದಲು ಪ್ರಮೋಷನ್ ಆಯ್ತು ಅನ್ನೋವರೆಗೂ ಹೋಗುತ್ತೆ. ಅದಕ್ಕೇ ರಿಟೈರಾದ್ಮೇಲೆ ಪೋಸ್ಟ್ ಕಾರ್ಡಿನಲ್ಲೇ ಆಡೋಣ ಅಂದ್ವಿ. ಹಲಸೂರಿಂದ ನಾನು, ಹೊರಮಾವಿಂದ ಅವನು. ಸೋತವನು ಫ್ಯಾಕ್ಟರಿಯವರ ಸಂಕ್ರಾಂತಿ ಊಟದಲ್ಲಿ ಎದ್ದು ನಿಂತು, ಎಲ್ಲರೆದುರು ಗೆದ್ದವನಿಗೆ ‘ನೀನೇ ನನ್ನ ಗುರು’ ಅನ್ನಬೇಕು. ಪ್ರಾಣ ಹೋದ್ರೂ ನನ್ನ ಬಾಯಲ್ಲಿ ಆ ಮಾತು ಬರಲ್ಲ!

ಪುಕ್ಕಟೆ

ಶುರುವಿನಲ್ಲೇ ಕಿಂಗ್ಸ್ ಗ್ಯಾಂಬಿಟ್ ಹಾಕಿದೆ. ಅಂದ್ರೆ ರಾಜನ ಕಾವಲಿಗಿರೋ ಕಾಲಾಳೊಂದನ್ನ ಬೇಕಂತಲೇ ಬಿಟ್ಟುಕೊಡೋದು, ಎದುರಾಳಿ ಅದನ್ನ ಹೊಡೆಯೋಷ್ಟರಲ್ಲಿ ನಾವು ಮೇಲೆ ಬೀಳೋದು. ಬೆವತು ಹೋಗ್ತಾನೆ ಅಂದ್ಕೊಂಡಿದ್ದೆ. ಉತ್ತರ ಬಂತು: ‘ಹೊಡೆದೆ. ಇನ್ನೇನಾದ್ರೂ ಕೊಡೋದಿದ್ರೆ ಇದೇ ಅಡ್ರೆಸ್ಸಿಗೆ ಕಳಿಸು.’

ಕಾರ್ಡನ್ನ ಓದಿಕೊಂಡೇ ತಂದಿದ್ದ ಪೋಸ್ಟ್‌ಮ್ಯಾನ್, “ಪಾರ್ಸೆಲ್ ಆದ್ರೆ ಆಫೀಸಿಗೇ ಬರಬೇಕು ಸಾರ್” ಅಂದ್ರು.

ಆಯುಧಪೂಜೆ

ನಮ್ಮನೇಲಿ ಸ್ಪ್ಯಾನರಿಂದ ಮಿಕ್ಸಿವರೆಗೂ ಎಲ್ಲದಕ್ಕೂ ಪೂಜೆ. ಈ ಸಲ ನನ್ನವಳು ಚೆಸ್ ಕಾಯಿಗಳಿಗೂ ಕುಂಕುಮ ಇಟ್ಟಳು. ಪೂಜೆಗಿಟ್ಟಿದ್ದನ್ನ ಆವತ್ತು ಮುಟ್ಟೋ ಹಾಗಿಲ್ಲ. ಹಿಂದಿನ ದಿನ ತಾನೇ ಅವನ ಕಾರ್ಡ್ ಬಂದು, ನನ್ನ ರಾಜನಿಗೆ ಚೆಕ್ ಬಿದ್ದಿತ್ತು.

“ಒಂದೇ ಕಾಯಿ ಕಣೇ, ರಾಜನ ಪ್ರಾಣ ಹೋಗ್ತಿದೆ” ಅಂದೆ.

“ಏನೂ ಹೋಗಲ್ಲ ಬಿಡ್ರೀ. ಅವ್ರ ಮನೇಲೂ ಇವತ್ತು ಆನೆ ಕುದುರೆಗೆಲ್ಲ ರಜಾನೇ.”

ಬೆನ್ಸನ್ ಟೌನ್ ದಾರಿ

ಹಬ್ಬ ಮುಗಿಯೋ ಹೊತ್ತಿಗೆ ನನ್ನ ಆಟ ಕೆಟ್ಟು ಕೆರ ಹಿಡಿದಿತ್ತು. ನಿದ್ದೆಯಲ್ಲೂ ‘ನೀನೇ ಗುರು, ನೀನೇ ಗುರು’. ನಮ್ಮ ಹಳೇ ಫೋರ್‌ಮನ್ ಬೆನ್ಸನ್ ಟೌನಲ್ಲಿದ್ದಾರೆ, ಚೆಸ್ಸಲ್ಲಿ ಎತ್ತಿದ ಕೈ. ಗುಟ್ಟಾಗಿ ಹೋಗಿ ಆಟ ತೋರಿಸಿದೆ. “ಕುದುರೆ ಹೀಗೆ ತನ್ನಿ” ಅಂದ್ರು. ಆಮೇಲೆ ಕಾರ್ಡ್ ಬಂದಾಗೆಲ್ಲ ಅವರ ಮನೆಗೇ ಓಡೋದು.

ವಿಚಿತ್ರ ಅಂದ್ರೆ, ಹೊರಮಾವಿನವನೂ ಇದ್ದಕ್ಕಿದ್ದಂತೆ ಭಯಂಕರವಾಗಿ ಆಡತೊಡಗಿದ. ನಾನೊಂದು ಉಪಾಯ ಮಾಡಿದ್ರೆ ಅವನು ಅದನ್ನ ಮೊದಲೇ ತಿಳಿದವನ ಹಾಗೆ ಮುರೀತಿದ್ದ. ಕೊನೆಗೆ ಡ್ರಾ ಆಯ್ತು. ಅಬ್ಬಾ, ಮಾನ ಉಳೀತು!

ಸಂಕ್ರಾಂತಿ ಊಟದಲ್ಲಿ ದೊಡ್ಡ ಮನಸ್ಸು ಮಾಡಿ ಅವನ ಬೆನ್ನು ತಟ್ಟಿದೆ. “ಬಹಳ ಚೆನ್ನಾಗಿ ಆಡ್ದೆ ಕಣೋ.”

“ಥ್ಯಾಂಕ್ಸ್ ರೀ” ಅಂದ್ರು, ಎದುರು ಸಾಲಿನಲ್ಲಿ ಪಾಯಸ ಕುಡೀತಿದ್ದ ಫೋರ್‌ಮನ್. “ಬೆಳಿಗ್ಗೆ ನೀವು ಬರ್ತಿದ್ರಿ, ಸಾಯಂಕಾಲ ಇವ್ರು ಬರ್ತಿದ್ರು. ಎಷ್ಟು ಒದ್ದಾಡಿದ್ರೂ ನನ್ನನ್ನ ಸೋಲಿಸೋಕೆ ನನ್ನ ಕೈಲೇ ಆಗ್ಲಿಲ್ಲ. ಹೂಂ, ಇಬ್ರೂ ಎದ್ದು ನಿಂತ್ಕೊಳ್ಳಿ, ಗುರು ಯಾರು ಅಂತ ಜೋರಾಗಿ ಹೇಳಿ!”