ನೂರಾ ಆರು ಡಿಗ್ರಿಯ ಹೇಂಟೆ

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿ ಬದುಕಿದವನು ನಾನು. ಯಾವ ದಿನ ಎಷ್ಟು ಡಿಗ್ರಿ ಇಟ್ಟರೆ ಎಲೆ ಹಳದಿಯಾಗುತ್ತದೆ, ಎಷ್ಟಕ್ಕೆ ಏರಿಸಿದರೆ ನಡುವಿನ ದಂಟು ಒಣಗುತ್ತದೆ ಅನ್ನುವುದೆಲ್ಲ ಬಾಯಿಪಾಠ. ಶಾಖದ ವಿಷಯದಲ್ಲಿ ರಾವಂದೂರಿನ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹೀಗಿರುವಾಗ ಒಂದೂವರೆ ಕಿಲೋ ತೂಗುವ ಕೋಳಿಯ ಕಾಯಿಲೆ ನನಗೆ ಯಾವ ಲೆಕ್ಕ!

ಈ ಕಥೆಯನ್ನು ಟೀ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಹೇಳಿದ್ದರಲ್ಲಿ ನಾನು ಸ್ವಲ್ಪ ಬುದ್ಧಿವಂತನಾಗಿಯೇ ಕಾಣುತ್ತೇನೆ. ಈಗ ಬರೆಯುವಾಗ ಹೆಂಡತಿ ಜಯಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ. ಆದ್ದರಿಂದ ಇದು ಬೇರೆ ಕಥೆ.

ಮೊದಲನೆಯದಾಗಿ, ಆ ಹೇಂಟೆ ನಮ್ಮದಲ್ಲ. ಪಕ್ಕದ ಮನೆಯ ಚಿಕ್ಕತಾಯಮ್ಮನದು. ನಮ್ಮ ಕಡೆ ಮೊಟ್ಟೆ ಇಡುವ ಕೋಳಿಯನ್ನು ಪಾಲಿಗೆ ಕೊಡುವುದುಂಟು. ಹೇಂಟೆ ಅವರದು, ಸಾಕುವುದು ನಾವು, ಮರಿಯಾದರೆ ಅರ್ಧ ಅವರಿಗೆ, ಅರ್ಧ ನಮಗೆ. ಚಿಕ್ಕತಾಯಮ್ಮನ ಈ ಕೆಂಪು ಹೇಂಟೆ ಕಾವಿಗೆ ಕೂತರೆ ಒಂದು ಮೊಟ್ಟೆಯೂ ಹಾಳಾಗುತ್ತಿರಲಿಲ್ಲ. ಅದನ್ನು ಪಾಲಿಗೆ ಪಡೆಯಲು ಜಯಮ್ಮ ಎರಡು ವರ್ಷ ಆಕೆಯ ಹಿಂದೆ ಬಿದ್ದಿದ್ದಳು. ಕೊನೆಗೆ ಕೊಡುವಾಗ ಆಕೆ ಅಂದದ್ದು ಇಷ್ಟೆ: "ಮಗ್ಳು ಕಳಿಸ್ದಂಗೆ ಕಳುಸ್ತಾ ಇವ್ನಿ ಕಣವ್ವ. ಇದಕ್ಕೇನಾರ ಎಚ್ಚುಕಮ್ಮಿ ಆದ್ರೆ ಇನ್ನೊಂದ್ಸಲ ನಿಮ್ಮನೆಗೆ ಪುಕ್ಕಾನೂ ಕೊಡಕಿಲ್ಲ."

ಅಂಥ ಹೇಂಟೆ ಒಂದು ಬೆಳಿಗ್ಗೆ ಒರಳುಕಲ್ಲಿನ ಪಕ್ಕ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ನಿಂತಿತು. ಬುಧವಾರ ಅಂತ ನನ್ನ ನೆನಪು. "ಸೋಮ್ವಾರ. ನೀವು ಎರಡು ದಿನ ಅದ್ರ ಕಡೆ ನೋಡೇ ಇರ್ನಿಲ್ಲ" ಅನ್ನುತ್ತಿದ್ದಾಳೆ ಜಯಮ್ಮ. ಮಳೆ ಹನಿಯುತ್ತಿತ್ತು ಅಂತ ಬರೆಯಲೂ ಕೈ ಹೋಗುತ್ತದೆ. ಕೋಳಿಯ ಸಂಕಟಕ್ಕೆ ಮಳೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬಿಸಿಲಿತ್ತು.

ಚಿಕ್ಕತಾಯಮ್ಮ ಬೇಲಿ ದಾಟಿ ಬಂದರು. ಹೇಂಟೆಯ ರೆಕ್ಕೆ ಎತ್ತಿ ಬಿಟ್ಟರು. ತೀರ್ಪು ಬಂತು.

"ತೂಕುಡುಸ್ತಾ ಅದೆ. ಉಳಿಯಾಕಿಲ್ಲ ಬುಡು. ಉಸ್ರು ಇರೋವಾಗ್ಲೇ ಕುಯ್ದು ಸಾರು ಮಾಡ್ಬುಡಾನ. ಸತ್ಮೇಕೆ ಯಾರ್ ತಿಂದಾರು?"

ಜಯಮ್ಮನ ಕಣ್ಣಲ್ಲಿ ನೀರು ಬಂತು. "ಎರಡ್ ದಿನ ನೋಡಾನ ಅತ್ತೆ. ನನ್ ಕೈಯಾರೆ ಸಾಕಿವ್ನಿ."

"ಮೂರ್ ದಿನ ನೋಡು. ಆಮೇಕೆ ನಾನೇ ಎತ್ಕೊಂಡೋಯ್ತೀನಿ."

ಆಗ ನಾನು ಮುಂದೆ ಬಂದೆ. "ಮೂರು ದಿನ ಯಾಕತ್ತೆ, ಒಂದು ದಿನ ಸಾಕು. ನಾನಿದ್ದೀನಲ್ಲ!"

"ಅದೇ ಕಣಪ್ಪ ನಂಗೂ ಭಯ" ಅಂದರು ಅವರು.

ರೋಗನಿರ್ಣಯವೆಂದರೆ ಮೊದಲು ಉಷ್ಣಾಂಶ. ಬ್ಯಾರನ್ನಿನಿಂದ ನನ್ನ ಥರ್ಮಾಮೀಟರ್ ತಂದೆ. ಅದು ಒಂದಡಿ ಉದ್ದ. ಹೇಂಟೆ ಒಂದು ಕಣ್ಣು ತೆರೆದು ಅದನ್ನೂ ನನ್ನನ್ನೂ ನೋಡಿತು. ಜಯಮ್ಮ ಒಳಗಿನಿಂದ ಮಕ್ಕಳ ಜ್ವರ ನೋಡುವ ಥರ್ಮಾಮೀಟರ್ ತಂದುಕೊಟ್ಟಳು. ಅದನ್ನು ರೆಕ್ಕೆಯಡಿ ಇಟ್ಟು, ಎರಡು ನಿಮಿಷ ಬಿಟ್ಟು ತೆಗೆದು ಬೆಳಕಿಗೆ ಹಿಡಿದೆ.

ನೂರಾ ಆರು!

"ಜಯಾ, ಇದೇ ಜ್ವರ ನನಗೆ ಬಂದಿದ್ದರೆ ಇಷ್ಟೊತ್ತಿಗೆ ನೆಂಟರಿಗೆಲ್ಲ ಹೇಳಿ ಕಳಿಸಬೇಕಾಗುತ್ತಿತ್ತು" ಅಂದೆ. ಅವಳು ಹೆದರಿದಳು. ಅವಳನ್ನು ಹೆದರಿಸಿದ ಮೇಲೆ ಧೈರ್ಯ ಹೇಳುವ ಅವಕಾಶವೂ ನನಗೇ ಸಿಕ್ಕಿತು.

ಔಷಧಿ ಮನೆಯಲ್ಲೇ ಇತ್ತು. ತಿಂಗಳ ಹಿಂದೆ ನನ್ನ ದವಡೆ ಹಲ್ಲು ಕೀವು ಕಟ್ಟಿದಾಗ ಪಿರಿಯಾಪಟ್ಟಣದ ಡಾಕ್ಟರು ಐದು ದಿನಕ್ಕೆ ಕೆಂಪು-ಹಳದಿ ಕ್ಯಾಪ್ಸೂಲು ಬರೆದುಕೊಟ್ಟಿದ್ದರು. ಎರಡನೇ ದಿನಕ್ಕೆ ನೋವು ಹೋಯಿತು. ನೋವೇ ಇಲ್ಲದ ಮೇಲೆ ಔಷಧಿ ನುಂಗುವುದು ದುಂದುಗಾರಿಕೆ ಎಂದು ಮಿಕ್ಕ ಮೂರು ದಿನದ್ದನ್ನು ಡಬ್ಬಿಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ನನ್ನ ದೂರದೃಷ್ಟಿಗೆ ನಾನೇ ಬೆರಗಾದೆ.

"ಮನುಷ್ಯರ ಮಾತ್ರೆ ಕೋಳಿಗಾಯ್ತದಾ?" ಅಂದಳು ಜಯಮ್ಮ.

"ಜ್ವರ ಜ್ವರವೇ. ರೋಗಾಣುವಿಗೇನು, ಹಲ್ಲಿರುವವರು ಯಾರು, ಕೊಕ್ಕಿರುವವರು ಯಾರು ಅಂತ ಗೊತ್ತಾಗುತ್ತಾ?"

ಇದು ನಾನು ನಿಜವಾಗಿ ಅಂದ ಮಾತು. ನೆನಪು ಇದನ್ನಾದರೂ ಅಳಿಸಬಹುದಿತ್ತು.

ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ರಾಗಿಹಿಟ್ಟಿನಲ್ಲಿ ಉಂಡೆ ಕಟ್ಟಿದೆ. ಎಷ್ಟು ಕೊಡಬೇಕು? ನನಗೆ ಒಂದಾದರೆ ಕೋಳಿಗೆ ಅರ್ಧ ನ್ಯಾಯ ಅನ್ನಿಸಿತು. ಹೇಂಟೆ ತಲೆ ಕೊಡವಿದ ರಭಸಕ್ಕೆ ಮೊದಲನೇ ಉಂಡೆ ನನ್ನ ಮೀಸೆಗೆ ಹತ್ತಿತು. ಎರಡನೆಯದು ಒಳಗೆ ಹೋಯಿತು. ಆಮೇಲೆ ಕಾಯಿಲೆ ಹರಡದಿರಲಿ ಎಂದು ನಮ್ಮ ಉಳಿದ ಕೋಳಿಗಳು ನೀರು ಕುಡಿಯುವ ಬೋಗುಣಿಗೂ ಎರಡು ಕ್ಯಾಪ್ಸೂಲು ಸುರಿದೆ. ಮುಂಜಾಗ್ರತೆ! ಗಟ್ಟಿಮುಟ್ಟಾಗಿದ್ದ ಹುಂಜವೂ ಕುಡಿಯಿತು.

ಮಾರನೇ ದಿನ ಹೇಂಟೆ ಎರಡು ಕಾಳು ಕುಕ್ಕಿತು. ವಾಸಿಯಾಯಿತು ಎಂದು ಘೋಷಿಸಿ, ಔಷಧಿ ನಿಲ್ಲಿಸಿ, ಟೀ ಅಂಗಡಿಗೆ ಹೋಗಿ ಭಾಷಣ ಮಾಡಿ ಬಂದೆ. ಜಯಮ್ಮ ಸಂತೋಷದಲ್ಲಿ, ನಮ್ಮ ಬೇರೆ ಕೋಳಿಗಳು ಇಟ್ಟ ಮೊಟ್ಟೆಗಳನ್ನು ಚಿಕ್ಕತಾಯಮ್ಮನಿಗೆ ಕೊಟ್ಟು ಬಂದಳು.

ಮೂರನೇ ದಿನ ಹೇಂಟೆ ಕತ್ತು ಚಾಚಿ ನೆಲಕ್ಕೆ ಒರಗಿತು. ಅದೇ ಬೆಳಿಗ್ಗೆ ನನ್ನ ದವಡೆಯೂ ಊದಿತು! ಹಲ್ಲು ತಿಂಗಳ ಹಿಂದಿನ ಬಾಕಿ ಮಾತನ್ನು ಒಟ್ಟಿಗೇ ಆಡಲು ಬಂದಂತಿತ್ತು.

ಚಿಕ್ಕತಾಯಮ್ಮ ಮೊರ ಹಿಡಿದು ಬಂದಿದ್ದರು. "ಮೂರ್ ದಿನ ಆಯ್ತು. ತತ್ತವ್ವ ಇತ್ಲಾಗೆ."

ಜಯಮ್ಮ ಹೇಂಟೆಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಮದುವೆಯಾದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ದನದ್ ಆಸ್ಪತ್ರೆಗೆ ಒಂದ್ಸಲ ತೋರ್ಸ್ತೀನಿ ಅತ್ತೆ. ಅವ್ರು ಆಗಲ್ಲ ಅಂದ್ರೆ ಅಲ್ಲೇ ನಿಮ್ ಕೈಗ್ ಕೊಡ್ತೀನಿ."

"ಅಂಗಾರೆ ನಾನೂ ಬತ್ತೀನಿ ನಡಿ."

ಹೀಗೆ ನಾವು ಮೂವರು ರಾವಂದೂರಿನ ಬಸ್ಸು ಹತ್ತಿದೆವು. ಜಯಮ್ಮನ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹೇಂಟೆ. ನನ್ನ ಕೆನ್ನೆಗೆ ಟವೆಲು. ಕಂಡಕ್ಟರು ಹೇಂಟೆಯನ್ನೂ ನನ್ನನ್ನೂ ಸರದಿಯಂತೆ ನೋಡಿದ. "ಆಸ್ಪತ್ರೆಗೆ ಅಂದ್ರಲ್ಲ, ಯಾರಿಗೆ ಯಜಮಾನ್ರೇ?"

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಹೇಂಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೇಳಿದರು. "ಏನಾದರೂ ಕೊಟ್ಟಿದ್ದೀರಾ?"

ಎಲ್ಲ ಹೇಳಿದೆ. ಹೆಮ್ಮೆಯನ್ನು ಅಡಗಿಸಿಕೊಂಡು ಸೇರಿಸಿದೆ: "ಜ್ವರ ನೋಡದೆ ಕೊಟ್ಟಿಲ್ಲ ಮೇಡಂ. ನೂರಾ ಆರು ಇತ್ತು."

ಅವರು ಕೈ ನಿಲ್ಲಿಸಿದರು. "ಕೋಳಿಗೆ ಅಷ್ಟು ಬಿಸಿ ಇರಲೇಬೇಕು ಕಣ್ರೀ. ನಿಮ್ಮ ಹುಂಜಕ್ಕೂ ಇಟ್ಟು ನೋಡಿ, ಅಷ್ಟೇ ಬರುತ್ತೆ. ಇದಕ್ಕೆ ಜ್ವರಾನೇ ಇಲ್ಲ."

ಶಾಖದ ಪಂಡಿತ ಟವೆಲು ಸರಿಮಾಡಿಕೊಂಡ.

ಡಾಕ್ಟರಮ್ಮ ಹೇಂಟೆಯ ಕುತ್ತಿಗೆಯ ಬುಡದಲ್ಲಿ, ತಿಂದ ಕಾಳು ತುಂಬಿಕೊಳ್ಳುವ ಚೀಲವನ್ನು ಮುಟ್ಟಿ ನೋಡಿದರು. ಕಲ್ಲಿನಂತೆ ಗಟ್ಟಿಯಾಗಿತ್ತು. ಮರಗಟ್ಟಿಸುವ ಸೂಜಿ ಕೊಟ್ಟು, ಸಣ್ಣದಾಗಿ ಕುಯ್ದರು. ಜಯಮ್ಮ ಹೇಂಟೆಯ ಕಾಲು ಹಿಡಿದು ಗೋಡೆ ನೋಡುತ್ತಿದ್ದಳು. ಒಳಗಿನಿಂದ ರಾಗಿಕಾಳು, ಹುಲ್ಲು, ಅದರ ಸುತ್ತ ಉಂಡೆಯಾಗಿ ಸುತ್ತಿಕೊಂಡ ದಾರ ಬಂತು. ಬಂತು, ಬರುತ್ತಲೇ ಇತ್ತು. ಮೊಳದುದ್ದ!

"ಯಾವ ದಾರ ಇದು?"

ಯಾರೂ ಹೇಳಬೇಕಾಗಿರಲಿಲ್ಲ. ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುವ ದಾರ. ಇಲ್ಲಿ ನನ್ನ ನೆನಪು ನನಗೊಂದು ಉಪಕಾರ ಮಾಡಲು ನೋಡುತ್ತದೆ: ಅದನ್ನು ಅಂಗಳದಲ್ಲಿ ಬಿಸಾಡಿದವರು ಆಳುಗಳು ಅನ್ನುತ್ತದೆ. ಆ ವರ್ಷ ಆಳುಗಳೇ ಸಿಕ್ಕಿರಲಿಲ್ಲ. ಕಟ್ಟಿದವನೂ ನಾನೇ, ಬಿಚ್ಚಿ ಬಿಸಾಡಿದವನೂ ನಾನೇ.

"ದಾರಕ್ಕೆ ಆಂಟಿಬಯಾಟಿಕ್ ಕೊಟ್ಟಿದ್ದೀರಿ" ಅಂದರು ಡಾಕ್ಟರಮ್ಮ, ಹೊಲಿಗೆ ಹಾಕುತ್ತಾ. ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. "ಈಗ ಕುಯ್ದಿದ್ದೀನಲ್ಲ, ಈ ಗಾಯಕ್ಕೆ ಬೇಕು. ಅದೂ ಕೋಳಿಗೆ ಕೊಡೋದು, ಅದರ ತೂಕಕ್ಕೆ ತಕ್ಕಷ್ಟು. ಐದು ದಿನ. ಎರಡನೇ ದಿನಕ್ಕೆ ಓಡಾಡಿದರೂ ಐದು ದಿನ ಪೂರ್ತಿ. ಬೇರೆ ಕೋಳಿಗಳಿಗೆ ಒಂದು ಹನಿಯೂ ಬೇಡ. ಔಷಧಿ ಮುಗಿದ ಮೇಲೂ ನಾನು ಹೇಳೋವರೆಗೆ ಇದನ್ನು ಕುಯ್ಯೋ ಹಾಗಿಲ್ಲ. ಬೋಗುಣಿ ನೀರು ಕುಡಿದವೂ ಅಷ್ಟೇ. ಮೊಟ್ಟೇನೂ ತಿನ್ನೋ ಹಾಗಿಲ್ಲ, ಅದರಲ್ಲೂ ಔಷಧಿ ಇಳಿದಿರುತ್ತೆ."

ಚಿಕ್ಕತಾಯಮ್ಮ ಎದೆ ಮುಟ್ಟಿಕೊಂಡರು. "ಅಯ್ಯೋ, ನಾನಾಗ್ಲೇ ತಿಂದ್ಬುಟ್ಟೆ ಕಣವ್ವೋ! ನಂಗೇನಾಯ್ತದೆ?"

"ಹೆದರಬೇಡಿ ಅಜ್ಜಿ. ಮೈ ಕಡಿತ ಗಿಡಿತ ಬಂದರೆ ಡಾಕ್ಟರ ಹತ್ತಿರ ಹೋಗಿ. ಆದರೆ ಹೀಗೆ ಕಂಡಕಂಡಲ್ಲಿ ಚೂರುಚೂರು ಔಷಧಿ ಹೋಗ್ತಾ ಇದ್ದರೆ ರೋಗಾಣುಗಳು ಅದಕ್ಕೆ ಪಳಗಿಬಿಡ್ತವೆ. ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡಲ್ಲ. ಕೋಳಿಗೂ ಅಷ್ಟೇ, ನಮಗೂ ಅಷ್ಟೇ." ಆಮೇಲೆ ನನ್ನ ಟವೆಲಿನ ಕಡೆ ತಿರುಗಿದರು. "ಆ ಕ್ಯಾಪ್ಸೂಲು ನೀವು ಎಷ್ಟು ದಿನ ತಗೊಂಡಿದ್ರಿ?"

"ಎರಡು ದಿನ ಮೇಡಂ" ಅಂದಳು ಜಯಮ್ಮ, ನನ್ನ ಪರವಾಗಿ.

ಮುಂದಿನ ಐದು ದಿನ ನಮ್ಮ ಮನೆಯಲ್ಲಿ ಇಬ್ಬರು ರೋಗಿಗಳು. ಪಿರಿಯಾಪಟ್ಟಣದ ಡಾಕ್ಟರು ನನಗೆ ಹೊಸದಾಗಿ ಬರೆದುಕೊಟ್ಟು, ಕೊನೆಯ ದಿನ ಹಲ್ಲು ಕೀಳುತ್ತೇನೆ ಎಂದಿದ್ದರು. ಜಯಮ್ಮ ಹೊತ್ತಿಗೆ ಸರಿಯಾಗಿ ಮೊದಲು ಹೇಂಟೆಗೆ, ಆಮೇಲೆ ನನಗೆ ಔಷಧಿ ಕೊಡುತ್ತಿದ್ದಳು. ಹೇಂಟೆ ತಕರಾರಿಲ್ಲದೆ ನುಂಗುತ್ತಿತ್ತು. ನಾನು ಬಾಯಿ ತೆರೆದು ತೋರಿಸಬೇಕಾಗಿತ್ತು.

ಐದನೇ ದಿನ ಹಲ್ಲು ಕೀಳಿಸಿಕೊಂಡು, ಬಾಯಿತುಂಬ ಹತ್ತಿ ಕಚ್ಚಿಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಚಿಕ್ಕತಾಯಮ್ಮ ನಿಂತಿದ್ದರು. ಜಯಮ್ಮ ಬಾಗಿಲಲ್ಲಿ. ಅವರು ಒಂದು ಹಿಡಿ ರಾಗಿ ಎರಚಿದರು. ಹೇಂಟೆ ಹುಂಜವನ್ನು ತಳ್ಳಿಕೊಂಡು ಬಂದು ಮೇಯತೊಡಗಿತು. ಚಿಕ್ಕತಾಯಮ್ಮ ಬಹಳ ಹೊತ್ತು ನೋಡಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಏಂಟೆ ನಿನ್ ತಾವೇ ಇರ್ಲಿ ಕಣವ್ವ ಜಯಾ. ಪಾಲು ಪಾಲೇ. ಒಂದ್ ಕರಾರು. ಈವಪ್ಪ ಅದ್ರ ತಾವಕ್ ಓಗ್ಬಾರ್ದು."

"ಆಯ್ತು ಅತ್ತೆ" ಅಂದಳು ಜಯಮ್ಮ. ಯೋಚನೆ ಮಾಡಲು ಅರ್ಧ ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

ಇಬ್ಬರೂ ನನ್ನ ಕಡೆ ನೋಡಿದರು. ಬಾಯಲ್ಲಿ ಹತ್ತಿ ಇತ್ತು, ತಲೆ ಆಡಿಸಿದೆ. ಹತ್ತಿ ಇಲ್ಲದಿದ್ದರೂ ಅಷ್ಟೇ ಮಾಡುತ್ತಿದ್ದೆ.