ವಕ್ಕಲೇರಿಯ ಕಂಬಿ ಗಂಟೆ

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ ಆವಲಪ್ಪನಿಗೆ ಒಂದು ತುಂಡು ರೈಲುಕಂಬಿ ಬೇಕಾಯಿತು.

ಕೋಲಾರದಲ್ಲಿ ರೈಲಿನ ಹುಚ್ಚಿನ ಕೆಲವರು ಸೇರಿ, ಮೂಲೆಗೆ ಬಿದ್ದಿದ್ದ ಪುಟ್ಟ ಇಂಜಿನ್ನೊಂದನ್ನು ರಿಪೇರಿ ಮಾಡಿ ಭಾನುವಾರಗಳಲ್ಲಿ ಓಡಿಸಿ ತೋರಿಸುವವರಿದ್ದರು. ಹಳೆಯ ರೈಲ್ವೆ ಗಂಟೆ ತಂದವರಿಗೇ ಅದನ್ನು ಹೊಡೆಯುವ ಕೆಲಸ ಎಂದಿದ್ದರು. ಗ್ಯಾಂಗ್‌ಮನ್ ಆಗಿದ್ದ ಆವಲಪ್ಪ ಆಯುಷ್ಯವೆಲ್ಲ ಹಳಿಯ ಪಕ್ಕಕ್ಕೆ ಸರಿದು ರೈಲಿಗೆ ದಾರಿ ಬಿಟ್ಟವನು. ಒಮ್ಮೆಯಾದರೂ ರೈಲು ತನ್ನ ಗಂಟೆಗೆ ಕಾಯಬೇಕೆಂಬುದು ಅವನ ಆಸೆ.

ಹಿಂದೆ ಸ್ಟೇಷನ್ನಿನಲ್ಲಿ ಗಂಟೆಯಾಗಿದ್ದ ಕಂಬಿಯ ತುಂಡು ಈಗ ವಕ್ಕಲೇರಿಯ ಹಾಲಿನ ಡೈರಿಯ ಮುಂದೆ ತೂಗುತ್ತಿತ್ತು. ಡೈರಿಯ ಸೆಕ್ರೆಟರಿ ನರಸಿಂಹಪ್ಪ ಅದನ್ನು ಬಡಿದರೆ ಹೆಂಗಸರು ಹಾಲು ತರುತ್ತಿದ್ದರು.

"ಸುಮ್ನೆ ಹೆಂಗೆ ಕೊಡ್ಲಿ? ಡೈರಿಗೆ ಬೇರೆ ಗಂಟೆ ತಂದ್ಕೊಡು," ಎಂದ ನರಸಿಂಹಪ್ಪ.

ಅಜ್ಜನ ಕಾಲದಿಂದ ಅಟ್ಟದ ಮೇಲೆ ಮಸಿ ಹಿಡಿದು ಕೂತಿದ್ದ ಗಂಟೆಯನ್ನು ಆವಲಪ್ಪ ಕೊಟ್ಟುಬಂದ. ಕಂಬಿಯನ್ನು ಹೊತ್ತು ತಂದು, ಸೀಮೆಎಣ್ಣೆ, ಇಟ್ಟಿಗೆ ಪುಡಿ ಹಾಕಿ ಮದುಮಗನಿಗೆ ಎಣ್ಣೆ ತಿಕ್ಕಿದಂತೆ ತಿಕ್ಕಿದ. ಹುಣಸೆ ಮರಕ್ಕೆ ಕಟ್ಟಿ, ದನಿ ನೋಡಲು ಒಮ್ಮೆ ಬಡಿದ. ಕೈ ನಿಂತ ಮೇಲೂ ಸದ್ದು ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಅರ್ಧ ಗಂಟೆಯೊಳಗೆ ಪಕ್ಕದ ಮನೆಯ ಆಂಜಿನಮ್ಮ ಹಾಲಿನ ಕ್ಯಾನು ಹಿಡಿದು ಬಂದಳು. ಹಿಂದೆಯೇ ಅರ್ಧ ಬೀದಿ.

"ಇದೇನಣ್ಣ, ಮಟಮಟ ಮಧ್ಯಾಹ್ನ ಹೊಡ್ದಿದ್ದೀಯ? ಕರೆಯಕ್ಕೆ ಕೂತ್ರೆ ಸೀಮೆಹಸು ಒದ್ದೇಬಿಡ್ತು."

"ಹಾಲಿಗಲ್ಲಮ್ಮ, ರೈಲಿಗೆ."

"ರೈಲು ಹಾಲು ಕೊಡ್ತದಾ? ಕರೆದಿದ್ದು ಆಯ್ತು. ಅಳೆದ್ಕೋ."

ಆವಲಪ್ಪ ಮನೆಯ ಬಿಂದಿಗೆಗಳಿಗೆಲ್ಲ ಹಾಲು ತುಂಬಿಸಿಕೊಂಡು ಡೈರಿಗೆ ಹೊರಿಸಿಕೊಂಡು ಹೋದ.

ಅಲ್ಲಿ ನರಸಿಂಹಪ್ಪ ಖಾಲಿ ಕ್ಯಾನುಗಳ ನಡುವೆ ಕೂತಿದ್ದ. ಹೊಸ ಗಂಟೆ ಹೊಡೆದರೆ ಊರವರು ಮಂಗಳಾರತಿಯೆಂದು ನಿಂತಲ್ಲೇ ಕೈಮುಗಿದರಂತೆ. ಬೇಸರಕ್ಕೆ ಅವನು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದ. ಮಸಿ ಹೋಗಿ ಹಿತ್ತಾಳೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಗಂಟೆ ನೋಡಲು ಬಂದ ಕೋಲಾರದವರ ಜೀಪು ಆವಲಪ್ಪನ ಮನೆಯ ದಾರಿ ಕೇಳಲು ಡೈರಿಯ ಮುಂದೆ ನಿಂತಿತು. ಕನ್ನಡಕದ ಸಾಹೇಬರೊಬ್ಬರು ಇಳಿದು, ಯಾರನ್ನೂ ನೋಡದೆ ನೇರ ಗಂಟೆಯ ಬಳಿ ಹೋದರು. ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಇದು ಹಳೇ ರೈಲ್ವೆ ಕಂಪನಿ ಗಂಟೆ ಕಣ್ರೀ. ಯಾರದಿದು?"

"ನಂದೇ ಸ್ವಾಮಿ," ಎಂದ ಆವಲಪ್ಪ.

"ಇವತ್ತು ಬೆಳಿಗ್ಗೆವರೆಗೂ," ಎಂದ ನರಸಿಂಹಪ್ಪ. "ಕಂಬಿಗೆ ಬದಲಾಯಿಸ್ಕೊಂಡ್ಯಲ್ಲಣ್ಣ, ಮರೆತ್ಯಾ?"

"ಕಂಬಿನೂ ಸ್ಟೇಷನ್ನಿಂದೇ, ಸ್ವಾಮಿ. ಚೆನ್ನಾಗಿ ತಿಕ್ಕಿದ್ದೀನಿ."

"ಕಂಬಿ ತುಂಡು ನಮ್ಮಲ್ಲೇ ರಾಶಿ ಬಿದ್ದಿವೆ, ಅಪ್ಪಾ."

ನರಸಿಂಹಪ್ಪ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತ. "ಆವಲಣ್ಣ, ಭಾನುವಾರ ನಾನಿರಲ್ಲ. ಹಾಲಿಗೆ ನೀನೇ ಹೊಡೆದ್ಬಿಡು. ನೀನು ಹೊಡೆದ್ರೆ ತಾನೇ ಬರ್ತಾರೆ."

ಜೀಪಿನ ಧೂಳು ಕೆಳಗಿಳಿಯುವವರೆಗೂ ಆವಲಪ್ಪ ಅಲ್ಲೇ ನಿಂತಿದ್ದ. ಆಂಜಿನಮ್ಮ ಖಾಲಿ ಕ್ಯಾನು ಎತ್ತಿಕೊಂಡಳು.

"ಅಣ್ಣ, ಭಾನುವಾರ ಸ್ವಲ್ಪ ಬೇಗ ಹೊಡಿ. ನಾವೆಲ್ಲ ರೈಲು ನೋಡಕ್ಕೆ ಹೋಗ್ಬೇಕು."