ಎ.ಸಿ. ಕೋಣೆಯಲ್ಲಿ ಖಡಕ್ ರೊಟ್ಟಿ

ನಮ್ಮ ಮನೆಯಲ್ಲಿ ಇರುವುದು ಒಂದೇ ಎ.ಸಿ. ಅದರ ಸುಖ ಉಂಡವರು ನಾನಲ್ಲ, ನಮ್ಮ ಮನೆಯವರೂ ಅಲ್ಲ. ರೊಟ್ಟಿ. (ನಾವು ರೊಟ್ಟಿ ಉಣ್ಣಬೇಕು, ರೊಟ್ಟಿ ಸುಖ ಉಣ್ಣಬೇಕು, ಎಂಥ ನ್ಯಾಯ ನೋಡಿ.) ಗಂಡ ಹೆಂಡತಿ ಇಬ್ಬರೂ ಹಾಲಿನಲ್ಲಿ ಚಾಪೆಯ ಮೇಲೆ ಬೆವರುತ್ತಾ ಹೊರಳಾಡಿದರೆ, ಒಳಗೆ ಡಬಲ್ ಕಾಟಿನ ಮೇಲೆ ಒಗೆದ ಧೋತರ ಹಾಸಿಕೊಂಡು ತಣ್ಣಗೆ ಪವಡಿಸಿದವು ಬೈಲಹೊಂಗಲದಿಂದ ವಿಮಾನ ಹತ್ತಿ ಬಂದ ಜೋಳದ ರೊಟ್ಟಿಗಳು. ಯಾಕೆ ಹೀಗಾಯಿತು ಅಂತ ಹೇಳುತ್ತೇನೆ. ನೀವು ನಗುತ್ತೀರಿ, ಗೊತ್ತು. ನಕ್ಕುಬಿಡಿ, ನನಗೇನು.

ನಮ್ಮ ಮನೆಯವರು ಬ್ಯಾಂಕಿನಲ್ಲಿ ಆಫೀಸರ್. ಹೆಸರು ಸುಭಾಸ. (ಬರೆಯಬಹುದು, ಕೂಗಬಾರದು. ಅದು ನಮ್ಮ ಅತ್ತೆಯ ಕಾನೂನು.) ಹೋದ ಬೇಸಿಗೆಯಲ್ಲಿ ಅವರಿಗೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ವರ್ಗವಾಯಿತು. ಆ ಊರಿಗೆ ಈಗ ಶ್ರೀ ವಿಜಯಪುರಂ ಅಂತ ಹೊಸ ಹೆಸರು ಬಂದಿದೆ. ಆದರೆ ನಮ್ಮ ಓಣಿಯವರಿಗೆ ಹಳೇದೂ ಬೇಡ, ಹೊಸದೂ ಬೇಡ. "ಸುಭಾಸಗ ಕರಿನೀರಿನ ಶಿಕ್ಷಾ ಆಗೇತಂತ. ಬ್ಯಾಂಕಿನ್ಯಾಗ ಏನ ಮಾಡಿದ್ನೋ ಏನೋ!" ಅನ್ನುತ್ತಾ ಒಬ್ಬೊಬ್ಬರೇ ಬಂದು, ಚಹಾ ಕುಡಿದು, ಸಮಾಧಾನ ಹೇಳಿ ಹೋದರು.

ನನಗೆ ಮಾತ್ರ ಒಳಗೊಳಗೇ ಹಿಗ್ಗು. ಮದುವೆಯಾದಾಗಿನಿಂದ ಬೈಲಹೊಂಗಲದ ತುಂಬಿದ ಮನೆಯಲ್ಲೇ ಇದ್ದವಳು ನಾನು. ಭಾವ, ನೆಗೆಣ್ಣಿ, ಅವರ ಮಕ್ಕಳು, ಬಂದುಹೋಗುವ ನೆಂಟರು, ಎಲ್ಲರ ಮೇಲೆ ಅತ್ತೆ ರಾಚವ್ವನವರು. ಅಲ್ಲಿ ಒಗ್ಗರಣೆಗೆ ಸಾಸಿವೆ ಎಷ್ಟು ಬೀಳಬೇಕು ಅನ್ನುವುದನ್ನೂ ಅವರೇ ಹೇಳಬೇಕು. ನಮ್ಮ ಅತ್ತೆ ಕೆಟ್ಟವರಲ್ಲ, ಹಾಗೆ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಅವರಿರುವ ಅಡುಗೆಮನೆಯಲ್ಲಿ ಮತ್ತೊಬ್ಬರಿಗೆ ಜಾಗವಿಲ್ಲ, ಅಷ್ಟೇ. ಈಗ ಮೊಟ್ಟಮೊದಲ ಸಲ ನನ್ನದೇ ಮನೆ, ನನ್ನದೇ ಒಲೆ, ನನ್ನದೇ ಸಾಸಿವೆ. ಕರಿನೀರಾದರೂ ಸರಿ, ಬಿಳಿನೀರಾದರೂ ಸರಿ ಅಂತ ನಾನು ಸೀರೆ ಮಡಚತೊಡಗಿದೆ.

ಹೊರಡುವ ಮುಂಚೆ ಅತ್ತೆ ಓಣಿಯ ಹೆಂಗಸರನ್ನು ಸೇರಿಸಿಕೊಂಡು ರೊಟ್ಟಿ ಬಡಿಯಲು ಕೂತರು. ಅವರ ರೊಟ್ಟಿ ಅಂದರೆ ಪರಾತದಷ್ಟು ಅಗಲ, ಹಪ್ಪಳದಷ್ಟು ತೆಳು. ಬೇಯಿಸಿ, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ, ಖಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಎರಡು ದೊಡ್ಡ ಗಂಟು ಕಟ್ಟಿದರು. ನಮ್ಮ ಮನೆಯವರು ಗೋಳಾಡಿದರು.

"ಯವ್ವಾ, ವಿಮಾನದಾಗ ರೊಟ್ಟಿಗಂಟು ಯಾರರ ಒಯ್ತಾರೇನ? ಮಂದಿ ನಗತಾರ."

"ನಗೋ ಮಂದಿ ನಿನಗ ಉಣ್ಣಾಕ ನೀಡತಾರೇನ? ತೊಡೀಮ್ಯಾಲ ಇಟಗೊಂಡು ಹೋಗ. ಒಂದೂ ಮುರೀಬಾರ್ದ ನೋಡ."

ಆಮೇಲೆ ನನ್ನ ಕಡೆ ತಿರುಗಿದರು. "ನೋಡ ಅನ್ನಪೂರ್ಣಿ, ಈ ರೊಟ್ಟಿ ತಿಂಗಳಗಟ್ಟಲೆ ಇಟ್ರೂ ಕಟುಂ ಅನಬೇಕು. ಮೆತ್ತಗಾದ್ವು ಅಂದ್ರ ನಿನಗ ಮನಿ ನಡಸಾಕ ಬರೂದಿಲ್ಲಂತ ತಿಳಕೋತೇನಿ. ನಾನ ಬಂದು ನಿಂತು ಎಲ್ಲಾ ಹಚ್ಚಿಕೊಟ್ಟು ಬರತೇನಿ."

ಪ್ರೀತಿಯಿಂದಲೇ ಹೇಳಿದರು. ನನಗೆ ಮಾತ್ರ ಅದು ನೋಟೀಸಿನಂತೆ ಕೇಳಿಸಿತು. ಈ ಎರಡು ಗಂಟು ಖಡಕ್ಕಾಗಿ ಇರುವತನಕ ಮನೆ ನನ್ನದು. ಮೆತ್ತಗಾದ ದಿನ ಅತ್ತೆಯದು. ಲೆಕ್ಕ ಅಷ್ಟು ಸರಳ.

ಪೋರ್ಟ್ ಬ್ಲೇರಿನಲ್ಲಿ ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಅಪಾರ್ಟ್‌ಮೆಂಟು. ಒಂದು ಹಾಲು, ಒಂದು ಅಡುಗೆಮನೆ, ಮನೆ ಮಾಲೀಕರು ಕೂರಿಸಿದ ಎ.ಸಿ. ಇರುವ ಒಂದು ಬೆಡ್‌ರೂಮು. ಬಾತ್‌ರೂಮು ಅದರೊಳಗೇ. ಬಾಲ್ಕನಿಗೆ ಬಂದರೆ ಎದುರಿಗೆ ಸಮುದ್ರ. ಮಲಪ್ರಭೆಯ ಹಿನ್ನೀರನ್ನೇ ಸಮುದ್ರ ಅಂತ ಸಣ್ಣವಳಿದ್ದಾಗ ನಂಬಿದ್ದ ನಾನು ಸೆರಗು ಹಾರಿಸುತ್ತಾ ನಿಂತುಕೊಂಡೆ. ಎಂಥಾ ಗಾಳಿ! ಮೈಗೆ ಹತ್ತಿದರೆ ಬಿಡುವುದೇ ಇಲ್ಲ. (ಹೌದು, ಅಂಟಿಕೊಳ್ಳುತ್ತದೆ. ಅದು ನನಗೆ ಆಗ ತಿಳಿಯಲಿಲ್ಲ.) ರೊಟ್ಟಿಗಂಟುಗಳನ್ನು ಅಡುಗೆಮನೆಯ ಮಾಡದಲ್ಲಿ ಇಟ್ಟು, ಉಪ್ಪಿಟ್ಟು ಮಾಡಿಕೊಂಡು ತಿಂದು, ನನ್ನ ಸಾಮ್ರಾಜ್ಯದಲ್ಲಿ ಮಲಗಿದೆ.

ಎರಡು ದಿನ ಬಿಟ್ಟು ಎಣ್ಣೆಗಾಯಿ ಮಾಡಿ ರೊಟ್ಟಿ ಬಡಿಸಿದೆ. ನಮ್ಮ ಮನೆಯವರು ಮುರಿಯಲು ಹೋದರು. ರೊಟ್ಟಿ ಮುರಿಯಲಿಲ್ಲ, ಮಡಚಿಕೊಂಡಿತು. ಮತ್ತೊಂದು ತೆಗೆದರು, ಅದೂ ಮಡಚಿತು.

"ಇದೇನ ರೊಟ್ಟಿನೋ, ಕರ್ಚೀಪೋ?" ಅಂದರು.

ಎದುರು ಮನೆಯ ಬಂಗಾಳಿ ಹೆಂಗಸನ್ನು ಕೇಳಿದೆ. (ನನ್ನ ಹಿಂದಿಯಲ್ಲಿ ಅರ್ಧ ಮರಾಠಿ, ಅವರದರಲ್ಲಿ ಮುಕ್ಕಾಲು ಬಂಗಾಳಿ. ಆದರೂ ಕಷ್ಟಸುಖ ತಿಳಿಯಿತು.) ಇಲ್ಲಿ ವರ್ಷದಲ್ಲಿ ಮುಕ್ಕಾಲು ಭಾಗ ಮಳೆಯಂತೆ. ಉಪ್ಪು ನೀರಾಗುತ್ತದಂತೆ, ಪೇಪರು ಜೋಲುಬೀಳುತ್ತದಂತೆ, ಕಪಾಟಿನ ಚಪ್ಪಲಿಗೂ ಬೂಷ್ಟು ಬರುತ್ತದಂತೆ. ಅವರು ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ರೊಟ್ಟಿಗಳನ್ನು ಹಂಚಿನ ಮೇಲೆ ಬಿಸಿ ಮಾಡಿದೆ. ಕಟುಂ ಅಂದವು, ಚಹಾ ಕುಡಿದು ಬರುವುದರೊಳಗೆ ಮತ್ತೆ ಕರ್ಚೀಪು. ಡಬ್ಬಿಯಲ್ಲಿ ಇಡೋಣವೆಂದರೆ ಪರಾತದಂಥ ರೊಟ್ಟಿಗೆ ಆ ಅಳತೆಯ ಡಬ್ಬಿ ಇಡೀ ದ್ವೀಪದಲ್ಲಿ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ನಾಲ್ಕಕ್ಕೆ ಬೂಷ್ಟೇ ಬಂತು. ಅಷ್ಟರಲ್ಲಿ ರವಿವಾರ ಬಂತು, ಅತ್ತೆಯ ಫೋನೂ ಬಂತು.

ನಮ್ಮ ಅತ್ತೆ ವಿಡಿಯೋ ಕಾಲನ್ನೇ ಮಾಡಿಸುವುದು, ಆದರೆ ಫೋನನ್ನು ಕಿವಿಗೇ ಹಚ್ಚಿಕೊಳ್ಳುವುದು. ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರ ಕಿವಿಯ ಬುಗುಡಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

"ರೊಟ್ಟಿ ಹೆಂಗದಾವು?"

"ಚೊಲೋ ಅದಾವ್ರಿ ಅತ್ತಿ."

"ಎಲ್ಲೆ, ಫೋನಿನ ಹಂತೇಲಿ ಹಿಡದು ಒಂದ ಮುರಿ. ಕೇಳೂಣು."

ಇದನ್ನು ನಾನು ಎಣಿಸಿರಲಿಲ್ಲ! ಒಲೆಯ ಮೇಲೆ ಆಗಷ್ಟೇ ಸುಟ್ಟ ಹಪ್ಪಳವಿತ್ತು. ಅದನ್ನೇ ಎತ್ತಿ ಫೋನಿನ ಮುಂದೆ ಮುರಿದೆ. ಬುಗುಡಿ ಫೋನಿಗೆ ಇನ್ನಷ್ಟು ಒತ್ತಿಕೊಂಡಿತು.

"ಇದು ಹಪ್ಪಳದ ಸಪ್ಪಳ ಆತಲ್ಲ ಅನ್ನಪೂರ್ಣಿ?"

"ಇಲ್ರಿ ಅತ್ತಿ, ಇಲ್ಲಿ ರೇಂಜ್ ಸಿಗೂದಿಲ್ರಿ. ಸಮುದ್ರ ದಾಟಿ ಬರೂದ್ರಾಗ ಸಪ್ಪಳ ಸಣ್ಣ ಆಗತೈತ್ರಿ."

"ಹೌದೇನ? ಬರೂ ರವಿವಾರ ರೇಂಜ್ ಇದ್ದಲ್ಲಿ ನಿಂತು ಮುರಿ," ಅಂತ ಫೋನಿಟ್ಟರು.

ಒಂದು ವಾರದ ವಾಯಿದೆ ಸಿಕ್ಕಂತಾಯಿತು. ಮರುದಿನ ಮಧ್ಯಾಹ್ನ ಎದುರು ಮನೆಗೆ ಹೋದಾಗ ಆ ಬಂಗಾಳಿ ಹೆಂಗಸಿನ ಹಾರ್ಮೋನಿಯಂ ಎ.ಸಿ. ಕೋಣೆಯಲ್ಲಿ ಮೆತ್ತೆಯ ಮೇಲೆ ಕೂತಿದ್ದು ಕಂಡೆ. ಹೊರಗಿಟ್ಟರೆ ಹಸಿ ಹವೆ ಹೊಕ್ಕು ಸ್ವರ ಬಿಡುವುದಿಲ್ಲವಂತೆ, ಎ.ಸಿ. ಗಾಳಿ ಒಣದಂತೆ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಹಾರ್ಮೋನಿಯಮ್ಮಿಗೆ ಎ.ಸಿ. ಇರಬಹುದಾದರೆ ರಾಚವ್ವನವರ ರೊಟ್ಟಿಗೆ ಯಾಕಿರಬಾರದು?

ಮನೆಗೆ ಬಂದು ಅಷ್ಟೂ ರೊಟ್ಟಿಗಳನ್ನು ಹಂಚಿನ ಮೇಲೆ ಮತ್ತೆ ಖಡಕ್ ಮಾಡಿದೆ. ಡಬಲ್ ಕಾಟಿನ ಗಾದಿಯ ಮೇಲೆ ಧೋತರ ಹಾಸಿ, ಒಂದರ ಮೇಲೊಂದು ಪೇರಿಸಿ, ಎ.ಸಿ. ಹಚ್ಚಿ ಬಾಗಿಲು ಹಾಕಿದೆ. ಬ್ಯಾಂಕಿನಿಂದ ಬಂದ ನಮ್ಮ ಮನೆಯವರು ಕೈಯಲ್ಲಿ ಚೀಲ ಹಿಡಿದುಕೊಂಡೇ ನಿಂತರು.

"ನಾ ಎಲ್ಲಿ ಮಲಗ್ಲಿ?"

"ಹಾಲಿನ್ಯಾಗ್ರಿ. ಬರೂ ರವಿವಾರತನಕ ಅಷ್ಟ."

"ಏ, ಹುಚ್ಚ ಹಿಡದೈತೇನ ನಿನಗ? ರೊಟ್ಟಿ ಪಲ್ಲಂಗದ ಮ್ಯಾಲ, ಆಫೀಸರ್ ನೆಲದ ಮ್ಯಾಲ?"

"ರೊಟ್ಟಿ ನಿಮ್ಮವ್ವ ಮಾಡಿದ್ದು."

"ನನ್ನೂ ನಮ್ಮವ್ವನ ಮಾಡಿದ್ದು!"

ಆ ಮಾತು ನಿಜವೇ. ಆದರೂ ಬಾಗಿಲು ತೆಗೆಯಲಿಲ್ಲ.

ಆ ವಾರ ನಮ್ಮ ಮನೆಯವರು ಸ್ನಾನದಲ್ಲಿ ಭಯಂಕರ ಶ್ರದ್ಧೆ ಬೆಳೆಸಿಕೊಂಡರು. ಬಾತ್‌ರೂಮಿಗೆ ಬೆಡ್‌ರೂಮಿನಿಂದಲೇ ಹಾದುಹೋಗಬೇಕಲ್ಲ! ಮುಂಜಾನೆ ಸ್ನಾನ, ಬ್ಯಾಂಕಿನಿಂದ ಬಂದ ಕೂಡಲೆ ಸ್ನಾನ, ಮಲಗುವ ಮುಂಚೆ ಸ್ನಾನ. ಒಳಗೆ ಹೋದರೆ ಅರ್ಧ ತಾಸು, ಮತ್ತು ನೀರಿನ ಸಪ್ಪಳವೇ ಇಲ್ಲ. ನಾನು ಹೊರಗಿನಿಂದ ಕೂಗುತ್ತಿದ್ದೆ, "ಬಾಗಲಾ ಹಾಕ್ಕೊಂಡ್ರಿಲ್ರಿ? ಹಸೀ ಹವಾ ಹೊಕ್ಕತೈತಿ!" ಒಳಗಿನಿಂದ "ಹೂಂ ಹೂಂ" ಅಂತ ತಂಪಾದ ಧ್ವನಿ ಬರುತ್ತಿತ್ತು. ಹಾಲಿನಲ್ಲಿ ನಾನೊಬ್ಬಳೇ ಬೇಯುತ್ತಿದ್ದೆ. ನನ್ನದೇ ಮನೆ, ನನ್ನದೇ ಒಲೆ, ನನ್ನದೇ ಬೆವರು.

ರೊಟ್ಟಿಗಳು ಮಾತ್ರ ಮರ್ಯಾದೆ ಉಳಿಸಿದವು. ಶನಿವಾರ ಒಂದನ್ನು ಮುರಿದು ನೋಡಿದರೆ ಬೈಲಹೊಂಗಲದಲ್ಲಿ ಮುರಿದಂತೆಯೇ ಸಪ್ಪಳ. ಖುಷಿಗೆ ಕಣ್ಣಲ್ಲಿ ನೀರೇ ಬಂತು ನನಗೆ.

ರವಿವಾರ ನಮ್ಮ ಮನೆಯವರು ಎರಡನೇ ಸ್ನಾನಕ್ಕೆ ಒಳಗೆ ಹೋಗಿದ್ದರು. ಫೋನು ಗುಣಗುಟ್ಟಿತು. ನಾನು ಮೊದಲೇ ಆರಿಸಿ ತಂದಿಟ್ಟುಕೊಂಡಿದ್ದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಸಜ್ಜಾಗಿ ಕೂತೆ. ಅತ್ತೆ ನೇರವಾಗಿ ರೊಟ್ಟಿಗೆ ಬರಬೇಕೋ ಬೇಡವೋ? ಮುನವಳ್ಳಿಯಲ್ಲಿ ಸೋದರಸೊಸೆಗೆ ವರ ನೋಡಿದ್ದು, ಎಮ್ಮೆ ಒದ್ದದ್ದು, ನೆಗೆಣ್ಣಿ ಸಾರಿಗೆ ಹುಳಿ ಜಾಸ್ತಿ ಹಾಕಿದ್ದು, ಎಲ್ಲಾ ಸಾಂಗವಾಗಿ ಹೇಳಿ ಮುಗಿಸಿ, "ಹಾಂ, ಈಗ ಮುರಿ," ಅಂದರು. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ರೊಟ್ಟಿ ಜೋಲು ಬಿದ್ದಿತ್ತು.

"ಒಂದ ನಿಮಿಷರಿ ಅತ್ತಿ, ರೇಂಜ್ ಇದ್ದಲ್ಲಿ ಹೊಕ್ಕೇನಿ," ಅಂದವಳೇ ಫೋನು ಹಿಡಿದು ಬೆಡ್‌ರೂಮಿಗೆ ಓಡಿ ಬಾಗಿಲು ನೂಕಿದೆ.

ನೋಡುತ್ತೇನೆ, ರೊಟ್ಟಿಗಳನ್ನೆಲ್ಲ ಮಗ್ಗುಲಿಗೆ ಸರಿಸಿ, ಆ ಧೋತರವನ್ನೇ ಹೊದ್ದುಕೊಂಡು ನಮ್ಮ ಮನೆಯವರು ಗೊರಕೆ ಹೊಡೆಯುತ್ತಿದ್ದಾರೆ! ಸ್ನಾನವಂತೆ ಸ್ನಾನ! ಬಾಗಿಲ ಸಪ್ಪಳಕ್ಕೆ ದಿಗ್ಗನೆ ಎದ್ದವರು, ಗಾಬರಿಯಲ್ಲಿ ನೆಲಕ್ಕೆ ಇಳಿಯುವುದು ಬಿಟ್ಟು ಆ ಕಡೆ ಹೊರಳಿ, ತಮ್ಮ ಎಲ್ಲಾ ಭಾರದೊಂದಿಗೆ ರೊಟ್ಟಿಯ ರಾಶಿಯ ಮೇಲೆ ಕೂತುಬಿಟ್ಟರು. ಕಟುಂ, ಕಟಕಟಕಟ, ಕರ್ರ್, ಕಟುಂ! ಎರಡೂ ಗಂಟಿನ ರೊಟ್ಟಿ ಒಂದೇ ಉಸಿರಿನಲ್ಲಿ ಪುಡಿಯಾಯಿತು.

ಬುಗುಡಿ ಜಿಗಿದಾಡಿತು.

"ಅಬಬಬಾ! ಎಂಥಾ ಸಪ್ಪಳವ್ವಾ ಇದು! ಶಾಬಾಸ್ ಅನ್ನಪೂರ್ಣಿ, ಮನಿ ನಡಸಾಕಿ ಅಂದ್ರ ನೀನ!"

ರೊಟ್ಟಿ ಹೋದರೆ ಹೋಗಲಿ, ಮನೆ ಉಳಿಯಿತು. ನಾನು ಗೋಡೆಗೆ ಒರಗಿ ಉಸಿರು ಬಿಟ್ಟೆ.

"ನನ್ನ ಮನಸ್ಸಿನ್ಯಾಗ ಒಂದ ಸಂಶೇ ಇತ್ತ ನೋಡ," ಅಂತ ಅತ್ತೆ ಮುಂದುವರಿಸಿದರು. "ಅವತ್ತ ಬರತೇನಿ ಅಂತ ಬಾಯಿಮಾತಿಗೆ ಅಂದಿದ್ನಿ. ಖರೇ ಅಂದ್ರ ನಾ ಬರಾಕಿ ಇರಲಿಲ್ಲ. ಸಮುದ್ರದ ಊರು, ಹಸೀ ಹವಾ, ನನ್ನ ಮಣಕಾಲ ಹಿಡಕೊಂಡ್ರ ಯಾರ ನೋಡಾಕಿ ಅಂತ. ಈಗ ರೊಟ್ಟಿ ಹಿಂಗ ಕಟುಂ ಅಂತಾವ ಅಂದ್ರ ಅಲ್ಲಿ ಹವಾ ನಮ್ಮೂರಕಿಂತ ಒಣಾ ಐತಿ. ಮಡಿವಾಳೆಪ್ಪಗ ಟಿಕೀಟ ತಗಸಾಕ ಹೇಳೇಬಿಡತೇನಿ. ದೀಪಾವಳಿತನಕ ಆರಾಮ ಇದ್ದು ಬರತೇನಿ."

ಮಡಿವಾಳೆಪ್ಪ ಅಂದರೆ ನಮ್ಮ ಭಾವ. ಹೇಳಿದ ದಿನವೇ ಕೆಲಸ ಮಾಡುವ ಮನುಷ್ಯ. ನಾಚಿಕೆ, ಮಾನ, ಎಲ್ಲಾ ಬಿಟ್ಟು ಖರೇ ಹೇಳಿಬಿಟ್ಟೆ.

"ಅತ್ತಿ, ಅತ್ತಿ, ತಡೀರಿ! ಇಲ್ಲಿ ಹವಾ ಭಾಳ ಹಸೀ ಐತ್ರಿ. ರೊಟ್ಟಿ ಬಂದ ಎರಡ ದಿನಕ್ಕ ಮೆತ್ತಗ ಆಗಿದ್ವುರಿ. ಹಂಚಿನ ಮ್ಯಾಲ ಕಾಸಿ, ಎ.ಸಿ.ಯಾಗ ಇಟ್ಟೇನ್ರಿ. ಹೋದ ವಾರ ಮುರದಿದ್ದು ಹಪ್ಪಳಾರಿ!"

ಫೋನಿನಲ್ಲಿ ಬುಗುಡಿ ಸರಿಯಿತು. ಮೊದಲ ಸಲ ಅತ್ತೆಯ ಮುಖ ಕಾಣಿಸಿತು. ಕಣ್ಣಲ್ಲಿ ನೀರು ತುಂಬಿತ್ತು.

"ಸುಳ್ಳ ಹೇಳಬ್ಯಾಡ. ಈಗ ನನ್ನ ಕಿವೀಲೆ ಕೇಳೇನಿ. ಅತ್ತಿ ಬರೂದು ಬ್ಯಾಡ ಅಂದ್ರ ಬ್ಯಾಡ ಅಂತ ಹೇಳವಾ. ಪಾಪ, ರೊಟ್ಟಿ ಮ್ಯಾಲ ಯಾಕ ಹಾಕ್ತಿ?"

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ರೊಟ್ಟಿಯ ಪುಡಿಯಲ್ಲಿ ಕೂತು ಸೂರು ನೋಡುತ್ತಿದ್ದರು.

"ಹಂಗ್ಯಾಕ ಅಂತೀರಿ ಅತ್ತಿ, ಬರ್ರಿ. ಹಾದಿ ಕಾಯತೇವ್ರಿ," ಅಂದೆ. ಅವರಿಗೆ ಇನ್ನೂ ನಂಬಿಕೆ ಬಾರದ್ದು ಕಂಡು ನನ್ನ ಬಾಯಿಂದ ನಾನೇ ಹೇಳಿದೆ: "ಬರೂಮುಂದ ಇನ್ನೂ ನಾಕ ಗಂಟ ರೊಟ್ಟಿ ತರ್ರಿ."